ಎರಡೂ ಪಟ್ಟಿಯಲ್ಲಿಲ್ಲದ ತಿಮ್ಮಕ್ಕ

ನನ್ನ ಕುರ್ಚಿಗೆ ಹೊಸದಾಗಿ ಬಂದು ಕೂತಿರುವ ಮಕ್ಕಳೇ, ನಿಮಗೆ ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಆಮೇಲೆ ಯಾರೋ ಹೇಳಿ ನಿಮಗೆ ಗೊತ್ತಾಗುವುದು ಬೇಡ.

ಒಂದು ಸೋಮವಾರ, ಮುಂಗಾರಿಗೆ ಇನ್ನೊಂದು ವಾರವಷ್ಟೇ ಇರುವಾಗ, ಶಿರಾ ತಾಲ್ಲೂಕಿನ ಗೌಡಗೆರೆ ಕಡೆಯಿಂದ ಎರಡು ಬಸ್ಸು ಬದಲಿಸಿಕೊಂಡು ತಿಮ್ಮಕ್ಕ ಎಂಬ ಹೆಂಗಸು ಮಧುಗಿರಿಯ ನಮ್ಮ ಕಚೇರಿಗೆ ಬಂದರು. ಅರವತ್ತರ ಮೇಲಿನ ವಯಸ್ಸು, ಹೆಗಲ ಮೇಲೆ ಕಂಬಳಿ. ಅವರದು ಕುರಿ ಮಂದೆ. ಹಿಂದಿನ ವರ್ಷ ಮೊದಲ ಮಳೆ ಬಿದ್ದು ಎಳೆ ಹುಲ್ಲು ಚಿಗುರಿದ್ದೇ ತಡ, ಕರುಳು ಬೇನೆ ಬಂದು ಅವರ ಮರಿಗಳು ಒಂದರ ಹಿಂದೆ ಒಂದು ಕಾಲು ಬಡಿದುಕೊಂಡು ಸತ್ತಿದ್ದವು. ಮಳೆಗೆ ಮುಂಚೆ ಲಸಿಕೆ ಬಿದ್ದರೆ ಮಂದೆ ಉಳಿಯುತ್ತದೆ, ಬೀಳದಿದ್ದರೆ ಇಲ್ಲ. ನಮ್ಮ ಹಟ್ಟಿಗೆ ಸೂಜಿಯವರು ಯಾವಾಗ ಬರುತ್ತಾರೆ ಎಂದು ಕೇಳಲು ಬಂದಿದ್ದರು. ನಾನು ಕಂಪ್ಯೂಟರಿನಲ್ಲಿ ಅವರ ಹೆಸರು ಹುಡುಕಿದೆ. ಲಸಿಕೆ ಹಾಕಬೇಕಾದವರ ಪಟ್ಟಿಯಲ್ಲಿ ಇರಲಿಲ್ಲ. ಇಲ್ಲ ಎಂದೆ. ಅವರು ಹೋಗದೆ ಅಲ್ಲೇ ನಿಂತರು.

"ಪಟ್ಟೀಲಿ ಇಲ್ದಿದ್ರೆ ನನ್ ಕುರೀನೂ ಇಲ್ಲ ಅಂತಾನಾ ಕಣಮ್ಮ?" ಎಂದರು.

ನನಗೆ ಮೂಗಿನ ತುದಿಯಲ್ಲೇ ಕೋಪ. ಇವತ್ತಿಗೂ ಹಾಗೇ ಇದೆ, ನನ್ನ ಯಜಮಾನರನ್ನು ಕೇಳಿ. ಕಂಪ್ಯೂಟರ್ ಸುಳ್ಳು ಹೇಳುತ್ತಾ, ಹೋಗಿ ನಿಮ್ಮ ಊರಿನ ಪರಿವೀಕ್ಷಕರನ್ನು ಕೇಳಿ ಎಂದು ಸಿಡುಕಿ ಕಳಿಸಿಬಿಟ್ಟೆ. ಆಕೆ ಕಂಬಳಿ ಸರಿಮಾಡಿಕೊಂಡು ಹೋದರು.

ಕಂಪ್ಯೂಟರ್ ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ ರೀತಿ ಸರಿ ಇರಲಿಲ್ಲ. ನನ್ನ ನೌಕರಿಯ ಕತೆಯೆಲ್ಲ ಇಷ್ಟೇ.

ಕಚೇರಿಯ ಹೆಸರು ಬೇಡ. ದನ, ಎಮ್ಮೆ, ಕುರಿಗಳ ಲೆಕ್ಕ ಇಟ್ಟು ಲಸಿಕೆ ಕಳಿಸುವ ಕಚೇರಿ ಎಂದರೆ ಸಾಕು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಾಲ್ಕು ತಾಲ್ಲೂಕಿನ ಕಾಗದವೂ ನಮ್ಮಲ್ಲಿಗೇ ಬರುತ್ತಿತ್ತು. ನಾನು ಸೇರಿದ್ದು ಟೈಪಿಸ್ಟ್ ಆಗಿ. ಆಮೇಲೆ ಕಂಪ್ಯೂಟರ್ ಬಂತು, ನಾನು ಅದರ ಮುಂದೆ ಕೂತೆ. ಆಮೇಲೆ ಹಳ್ಳಿ ಸುತ್ತುವ ಪರಿವೀಕ್ಷಕರಿಗೆ ಟ್ಯಾಬ್ ಕೊಟ್ಟರು. ಅವರು ಮನೆಮನೆಗೆ ಹೋಗಿ ತುಂಬಿದ್ದು ದಿನವೂ ಸಂಜೆ ನನ್ನ ಕಂಪ್ಯೂಟರಿಗೆ ಒಂದು ಎಕ್ಸ್‌ಎಂಎಲ್ ಫೈಲಾಗಿ ಬಂದು ಬೀಳುತ್ತಿತ್ತು. ಬಡ್ತಿ ಎಷ್ಟು ಸಿಕ್ಕಿತು ಎಂದು ಕೇಳಬೇಡಿ. ಸಿಕ್ಕಿತು, ಸಿಹಿ ಹಂಚಿದೆವು, ಮುಗಿಯಿತು.

ಎಕ್ಸ್‌ಎಂಎಲ್ ಎಂದರೆ ಹೆದರುವಂಥದ್ದೇನಲ್ಲ. ಪೆಟ್ಟಿಗೆಯೊಳಗೆ ಪೆಟ್ಟಿಗೆ. ಒಂದೊಂದು ಮನೆಗೂ ಒಂದು ದೊಡ್ಡ ಪೆಟ್ಟಿಗೆ. ಅದರೊಳಗೆ ಹೆಸರು ಎಂದು ಚೀಟಿ ಅಂಟಿಸಿದ ಪೆಟ್ಟಿಗೆ, ಊರು, ಫೋನು, ಕುರಿ ಸಂಖ್ಯೆ ಎಂದು ಬೇರೆ ಬೇರೆ ಪೆಟ್ಟಿಗೆಗಳು. ಬೇಕಾದ್ದನ್ನು ಹೆಕ್ಕಿ ಕೊಡು ಎಂದು ಕೇಳುವುದಕ್ಕೆ ಕ್ವೆರಿ ಎನ್ನುತ್ತಾರೆ. ಇದನ್ನು ತುಮಕೂರಿನ ತರಬೇತಿಯಲ್ಲಿ ಅರ್ಧ ದಿನದಲ್ಲಿ ಹೇಳಿಕೊಟ್ಟರು. ಊಟ ಮಾತ್ರ ಚೆನ್ನಾಗಿತ್ತು. ಅವರು ಹೇಳದೆ ಬಿಟ್ಟಿದ್ದು ಒಂದೇ ವಿಷಯ, ಪೆಟ್ಟಿಗೆಯೇ ಇಲ್ಲದಿದ್ದರೆ ಏನು ಮಾಡಬೇಕು ಎನ್ನುವುದು. ಅದನ್ನು ಕಲಿಯಲು ನನಗೆ ಉಳಿದ ಸರ್ವೀಸೆಲ್ಲ ಬೇಕಾಯಿತು.

ಮದುವೆ ಮನೆಯ ಪಂಕ್ತಿ ನೆನೆಸಿಕೊಳ್ಳಿ. ಎಲೆ ಹಾಕಿದ್ದಾರೆ, ಇನ್ನೂ ಬಡಿಸಿಲ್ಲ, ಅದು ಒಂದು. ಎಲೆಯನ್ನೇ ಹಾಕಿಲ್ಲ, ಅದು ಇನ್ನೊಂದು. ಖಾಲಿ ಎಲೆ ಕಂಡರೆ ಬಡಿಸುವವನು ನಿಲ್ಲುತ್ತಾನೆ. ಎಲೆಯೇ ಇಲ್ಲದ ಕಡೆ ಅವನ ಕಣ್ಣೂ ಹೋಗುವುದಿಲ್ಲ, ಕಾಲೂ ನಿಲ್ಲುವುದಿಲ್ಲ. ನನಗೆ ಇದು ಗೊತ್ತಾಗುವಷ್ಟರಲ್ಲಿ ಪಾವಗಡದ ಒಬ್ಬರು ಹಗ್ಗ ಹಿಡಿದುಕೊಂಡು ಬಂದುಬಿಟ್ಟಿದ್ದರು.

ಆ ಕತೆ ಹೀಗೆ. ಎಮ್ಮೆಗಳಿಗೆ ಗಬ್ಬದ ತಪಾಸಣೆ ಶಿಬಿರ ಇತ್ತು. ಯಾರ ಎಮ್ಮೆಗೆ ಯಾವತ್ತು ಎಂದು ಫೋನಿಗೆ ಸಂದೇಶ ಕಳಿಸಬೇಕು. ನಾನು ಜಾಣೆ ಎಂದುಕೊಂಡು ಹೆಸರುಗಳನ್ನೆಲ್ಲ ಒಂದು ಸಾಲಾಗಿ ಎತ್ತಿದೆ, ಫೋನ್ ನಂಬರುಗಳನ್ನೆಲ್ಲ ಇನ್ನೊಂದು ಸಾಲಾಗಿ ಎತ್ತಿದೆ, ಎರಡನ್ನೂ ಅಕ್ಕಪಕ್ಕ ಇಟ್ಟು ಅಂಟಿಸಿದೆ. ಮೇಲಿನಿಂದ ಏಳನೆಯವರ ಮನೆಯಲ್ಲಿ ಫೋನೇ ಇಲ್ಲ, ಆದ್ದರಿಂದ ಫೋನಿನ ಪೆಟ್ಟಿಗೆಯೂ ಇಲ್ಲ. ಎಂಟನೆಯವರ ನಂಬರು ಏಳನೆಯವರ ಹೆಸರಿನ ಪಕ್ಕಕ್ಕೆ ಏರಿತು. ಒಂಬತ್ತನೆಯದು ಎಂಟಕ್ಕೆ. ಅಲ್ಲಿಂದ ಕೆಳಗೆ ಇಡೀ ತಾಲ್ಲೂಕು ಒಂದೊಂದು ಮೆಟ್ಟಿಲು ಜರುಗಿ ಕೂತಿತು. ಯಾರ ಎಮ್ಮೆಯ ಸುದ್ದಿಯೋ ಯಾರಿಗೋ ಹೋಯಿತು.

ನಾಗಲಮಡಿಕೆ ಕಡೆಯ ನರಸಿಂಹಪ್ಪ ಎಂಬವರಿಗೆ, ನಿಮ್ಮ ಎಮ್ಮೆ ಆರು ತಿಂಗಳ ಗಬ್ಬ ಇದೆ, ತಪಾಸಣೆಗೆ ಸಿದ್ಧವಾಗಿರಿ ಎಂದು ಸಂದೇಶ ಹೋಯಿತು. ಅವರ ಮನೆಯಲ್ಲಿ ಇದ್ದದ್ದು ನಾಲ್ಕು ಕೋಳಿ. ಅವರು ಏನು ತಿಳಿದರು ಗೊತ್ತೇ? ಯಾವುದೋ ಯೋಜನೆಯಲ್ಲಿ ತಮಗೆ ಗಬ್ಬದ ಎಮ್ಮೆ ಮಂಜೂರಾಗಿದೆ ಎಂದು ತಿಳಿದರು. ಹೊಸ ಹಗ್ಗ ಕೊಂಡು, ಬಿಳಿ ಪಂಚೆ ಉಟ್ಟು, ಬಸ್ಸು ಹತ್ತಿ ಮಧುಗಿರಿಗೆ ಬಂದು, ನನ್ನ ಮೇಜಿನ ಮೇಲೆ ಹಗ್ಗ ಇಟ್ಟರು.

"ನಾ ಎನುಮು ಯಾಡುಂದಮ್ಮಾ?" ಎಂದು ತೆಲುಗಿನಲ್ಲಿ ಕೇಳಿ, ನನಗೆ ಅರ್ಥವಾಗಲಿಲ್ಲವೇನೋ ಎಂದು, "ನನ್ ಎಮ್ಮೆ ಎಲ್ಲೈತೆ? ಕತ್ಲಾಗೋದ್ರೊಳ್ಗೆ ಹೊಡ್ಕಂಡ್ ಹೋಗ್ಬೇಕು" ಎಂದು ಕನ್ನಡದಲ್ಲೂ ಕೇಳಿದರು.

ನಾನು ನಗಬಾರದಾಗಿತ್ತು, ನಕ್ಕೆ. ಆಮೇಲೆ ಅವರ ಮುಖ ನೋಡಿ ನಾಚಿಕೆಯಾಯಿತು. ಕೂರಿಸಿ ಕಾಫಿ ತರಿಸಿ ನನ್ನ ತಪ್ಪು ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, ಹಾಗಾದರೆ ನನ್ನ ಕೋಳಿಗಳ ಸುದ್ದಿ ಯಾರಿಗೆ ಹೋಯಿತು ಎಂದು ಕೇಳಿದರು. ಹಗ್ಗವನ್ನು ನಮ್ಮ ಕಚೇರಿಗೇ ಬಿಟ್ಟು ಹೋದರು. ಮನೆಗೆ ಒಯ್ದರೆ ಹೆಂಡತಿ ಆಡಿಕೊಳ್ಳುತ್ತಾಳಂತೆ.

ಅವತ್ತಿನಿಂದ ಸಾಲು ಸಾಲಾಗಿ ಎತ್ತುವುದನ್ನು ಬಿಟ್ಟೆ. ನೀವೂ ಎತ್ತಬೇಡಿ. ಒಂದು ಮನೆಯ ಪೆಟ್ಟಿಗೆ ತೆರೆಯಿರಿ, ಅಲ್ಲೇ ಹೆಸರು ಕೇಳಿ, ಅಲ್ಲೇ ಫೋನ್ ಕೇಳಿ, ಇಲ್ಲದಿದ್ದರೆ ಆ ಜಾಗದಲ್ಲಿ ಇಲ್ಲ ಎಂದು ಬರೆದು, ಆಮೇಲೆ ಮುಂದಿನ ಮನೆಗೆ ಹೋಗಿ.

ಹಾಗೆ ಮನೆಮನೆಗೆ ಹೋಗಲು ಕಲಿತ ಮೇಲೆ ಇನ್ನೊಂದು ಹಳ್ಳಕ್ಕೆ ಬಿದ್ದೆ. ಕೊರಟಗೆರೆ ತಾಲ್ಲೂಕಿನ ಪಟ್ಟಿ ಮುದ್ರಿಸಲು ಕೂತರೆ ಚನ್ನರಾಯನದುರ್ಗದ ಒಂದು ಮನೆಗೆ ಬರುತ್ತಿದ್ದ ಹಾಗೇ ಪ್ರೋಗ್ರಾಂ ಸತ್ತು ಬೀಳುತ್ತಿತ್ತು. ಮೂರು ದಿನ ಕರೆಂಟನ್ನು ಬೈದೆ, ಪ್ರಿಂಟರನ್ನು ಬೈದೆ, ಪಕ್ಕದ ಮೇಜಿನವರನ್ನೂ ಬೈದೆ. ಕೊನೆಗೆ ನೋಡಿದರೆ ಆ ಮನೆಯವರು ಇದ್ದೊಂದು ಹಸುವನ್ನು ಮಾರಿದ್ದರು. ಪರಿವೀಕ್ಷಕರು ಪ್ರಾಮಾಣಿಕವಾಗಿ ಹಸುವಿನ ಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ನಾನು ಹಸು ಇದೆಯಾ ಎಂದು ಕೇಳದೆ ನೇರವಾಗಿ ಹಸುವಿನ ವಯಸ್ಸೆಷ್ಟು ಎಂದು ಕೇಳುತ್ತಿದ್ದೆ. ಪಾಪ, ಅದು ಏನೆಂದು ಹೇಳೀತು.

ಇನ್ನು ನಮ್ಮ ಸಾಹೇಬರು, ಡಾಕ್ಟರ್ ಚಂದ್ರಮೌಳಿ. ಹಣೆಯ ಮೇಲೆ ಮೂರು ಬೆರಳು ವಿಭೂತಿ, ಕೈಯಲ್ಲಿ ಕೆಂಪು ಪೆನ್ನು. ದನದ ಮೈ ಮುಟ್ಟಿ ಜ್ವರ ಹೇಳುವಂಥ ವೈದ್ಯರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಾಗದದ ಮೇಲೆ ಖಾಲಿ ಜಾಗ ಕಂಡರೆ ಅವರಿಗೆ ಮೈಯೆಲ್ಲ ಉರಿ. ಖಾಲಿ ಬಿಡುವುದು ಸೋಮಾರಿಗಳ ಕೆಲಸ, ಏನೂ ಇಲ್ಲದಿದ್ದರೆ ಸೊನ್ನೆ ಹಾಕಿ ಎಂದು ಆಜ್ಞೆ ಮಾಡಿದ್ದರು. ಸರಿ, ಹಾಕಿದೆ. ವಯಸ್ಸು ಗೊತ್ತಿಲ್ಲದ ಹಸುಗಳಿಗೂ ವಯಸ್ಸಿನ ಕಡೆ ಸೊನ್ನೆ ಬಿತ್ತು. ಆ ತಿಂಗಳ ವರದಿಯಲ್ಲಿ ಇನ್ನೂ ಹುಟ್ಟದ ಹಸುಗಳು ದಿನಕ್ಕೆ ಆರು ಲೀಟರ್ ಹಾಲು ಕರೆಯುತ್ತಿದ್ದವು. ಮೇಲಿನ ಕಚೇರಿಯಿಂದ ಆ ತಳಿ ಯಾವುದು ಎಂದು ಕೇಳಿ ಪತ್ರ ಬಂತು. ಸಾಹೇಬರು ಪತ್ರವನ್ನು ನನ್ನ ಮೇಜಿನ ಮೇಲಿಟ್ಟು ಒಳಗೆ ಹೋದರು. ಆದರೆ ಸೊನ್ನೆಯ ಆಜ್ಞೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಇಷ್ಟೆಲ್ಲ ಪೆಟ್ಟು ತಿಂದ ಮೇಲೂ ತಿಮ್ಮಕ್ಕನ ವಿಷಯದಲ್ಲಿ ನಾನು ಎಡವಿದೆ. ಈಗ ಆ ಸೋಮವಾರಕ್ಕೆ ಬರುತ್ತೇನೆ.

ಅವರನ್ನು ಕಳಿಸಿ ಊಟಕ್ಕೆ ಕೂತಿದ್ದೆ. ಶಿರಾದಿಂದ ಅನ್ವರ್ ಸಾಹೇಬರ ಫೋನು. ಅವರು ಗೌಡಗೆರೆ ಹೋಬಳಿಯ ಪರಿವೀಕ್ಷಕರು. ನನಗಿಂತ ಎರಡು ವರ್ಷ ಚಿಕ್ಕವರು, ನನ್ನನ್ನು ಅಕ್ಕಾ ಎನ್ನುತ್ತಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ತಿಮ್ಮಕ್ಕ ಸಿಕ್ಕಿದ್ದರಂತೆ. ಏನಕ್ಕಾ, ಆಯಮ್ಮನನ್ನು ವಾಪಸ್ ಕಳಿಸಿಬಿಟ್ಟಿರಂತೆ, ನಾನೇ ಖುದ್ದಾಗಿ ಅವರ ಹಟ್ಟಿಗೆ ಹೋಗಿ ಹೆಸರು ಬರೆದುಕೊಂಡು ಬಂದಿದ್ದೀನಲ್ಲ ಎಂದರು. ಊಟ ಅರ್ಧಕ್ಕೇ ಬಿಟ್ಟು ಎದ್ದೆ.

ಹೋಗಿ ಕೂತು ನೋಡಿದೆ. ನಾನು ಫೈಲಿಗೆ ಎರಡು ಪ್ರಶ್ನೆ ಕೇಳಿದ್ದೆ. ಒಂದು, ಕುರಿ ಸಂಖ್ಯೆ ಸೊನ್ನೆಗಿಂತ ಹೆಚ್ಚಿರುವ ಮನೆಗಳು ಯಾವುವು? ಅವರಿಗೆ ಲಸಿಕೆ. ಎರಡು, ಕುರಿ ಸಂಖ್ಯೆ ಸೊನ್ನೆ ಇರುವ ಮನೆಗಳು ಯಾವುವು? ಅವರಿಗೆ ಬೇಡ. ಮೊದಲನೆಯದರಲ್ಲಿ ತಿಮ್ಮಕ್ಕ ಇಲ್ಲ ಅಂದರೆ ಎರಡನೆಯದರಲ್ಲಿ ಇರಲೇಬೇಕು, ಯಾರೋ ತಪ್ಪಾಗಿ ಸೊನ್ನೆ ಬರೆದಿದ್ದಾರೆ ಎಂದುಕೊಂಡು ಎರಡನೆಯ ಪಟ್ಟಿ ತೆಗೆದೆ. ಅದರಲ್ಲೂ ಇಲ್ಲ. ಕುರಿ ಇದ್ದವರಲ್ಲೂ ಇಲ್ಲ, ಇಲ್ಲದವರಲ್ಲೂ ಇಲ್ಲ. ಎರಡೂ ಪಟ್ಟಿ ಕೂಡಿಸಿ ನೋಡಿದೆ. ಫೈಲಿನಲ್ಲಿದ್ದ ಒಟ್ಟು ಮನೆಗಳಿಗಿಂತ ಇಪ್ಪತ್ತಮೂರು ಕಡಿಮೆ ಬಂತು. ಇಪ್ಪತ್ತಮೂರು ಮನೆ ಎಲ್ಲಿ ಹೋದವು?

ಆಗ ಹೊಳೆಯಿತು. ಸೊನ್ನೆಗಿಂತ ಹೆಚ್ಚೋ ಎಂದು ಕೇಳಿದರೂ, ಸೊನ್ನೆಯೋ ಎಂದು ಕೇಳಿದರೂ, ಎಲೆ ಹಾಕಿಸಿಕೊಂಡು ಕೂತವರು ಮಾತ್ರ ಕೈ ಎತ್ತುತ್ತಾರೆ. ಪೆಟ್ಟಿಗೆಯೇ ಇಲ್ಲದವರು ಯಾವ ಪ್ರಶ್ನೆಗೂ ಓ ಎನ್ನುವುದಿಲ್ಲ. ಅವರನ್ನು ಬೇರೆಯಾಗಿಯೇ ಕರೆಯಬೇಕು, ಯಾರ ಮನೆಯಲ್ಲಿ ಕುರಿ ಸಂಖ್ಯೆ ಎಂಬ ಪೆಟ್ಟಿಗೆಯೇ ಇಲ್ಲ ಎಂದು. ಕರೆದೆ. ಇಪ್ಪತ್ತಮೂರು ಹೆಸರು ಸಾಲಾಗಿ ಬಂದು ನಿಂತವು. ಮೊದಲ ಹೆಸರೇ ತಿಮ್ಮಕ್ಕನದು.

ಆ ಹೆಸರುಗಳನ್ನು ಅನ್ವರ್ ಸಾಹೇಬರಿಗೆ ಫೋನಿನಲ್ಲಿ ಓದಿದೆ. ಐದಾರು ಹೆಸರು ಕೇಳುವಷ್ಟರಲ್ಲಿ ಅವರು ಗೊಳ್ಳೆಂದು ನಕ್ಕರು. ಅಕ್ಕಾ, ನಾಲ್ಕು ತಾಲ್ಲೂಕಿನಲ್ಲಿ ಎಲ್ಲರಿಗಿಂತ ದೊಡ್ಡ ಮಂದೆ ಇರುವವರೆಲ್ಲ ಇವರೇ ಎಂದರು. ಯಾರಿಗೆ ಎಲ್ಲರಿಗಿಂತ ಹೆಚ್ಚು ಲಸಿಕೆ ಬೇಕೋ ಅವರನ್ನೇ ಹುಡುಕಿ ಹುಡುಕಿ ಹೊರಗಿಟ್ಟಿದ್ದೆನಲ್ಲ.

ಕಾರಣ ಕೇಳಿದೆ. ದೊಡ್ಡ ಮಂದೆಯವರು ಕುರಿಯ ಸಂಖ್ಯೆ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ದೃಷ್ಟಿ ತಾಗುತ್ತದೆ, ಎಣಿಸಿದ ಮಂದೆಗೆ ಏಳಿಗೆ ಇಲ್ಲ ಎಂದು ನಂಬಿಕೆ. ಹಾಗೆಂದು ಅವರಿಗೆ ಲೆಕ್ಕ ತಿಳಿಯದು ಎಂದಲ್ಲ. ಸಂಜೆ ದೊಡ್ಡಿಗೆ ಕೂಡುವಾಗ ಒಂದು ಮರಿ ಕಮ್ಮಿಯಾದರೂ ಮುಖ ನೋಡಿಯೇ ಹೇಳುತ್ತಾರೆ. ಅನ್ವರ್ ಸಾಹೇಬರು ಹುಟ್ಟಿ ಬೆಳೆದದ್ದೇ ಆ ಕಡೆ. ಒತ್ತಾಯ ಮಾಡಲು ಅವರಿಗೆ ಮನಸ್ಸು ಬಂದಿಲ್ಲ. ಖಾಲಿ ಬಿಟ್ಟರೆ ಟ್ಯಾಬ್ ಮುಂದಕ್ಕೆ ಹೋಗುವುದಿಲ್ಲ. ಅಳಿಸುವ ಗುಂಡಿ ಒತ್ತಿ ಪೆಟ್ಟಿಗೆಯನ್ನೇ ಕಿತ್ತರೆ ಹೋಗುತ್ತದೆ. ಆ ಉಪಾಯವನ್ನು ಇವರೇ ಕಂಡುಹಿಡಿದು ಉಳಿದ ಮೂರು ತಾಲ್ಲೂಕಿನವರಿಗೂ ಹೇಳಿಕೊಟ್ಟಿದ್ದರು. ಕೋತಿ ತಾನು ಕೆಡುವುದಲ್ಲದೆ ವನವನ್ನೆಲ್ಲ ಕೆಡಿಸಿತು ಅಂತಾರಲ್ಲ, ಹಾಗಾಯಿತು ಎಂದೆ. ಅವರು ಅದಕ್ಕೂ ನಕ್ಕರು.

ನಗುವ ಹೊತ್ತಾಗಿರಲಿಲ್ಲ. ನಮ್ಮಲ್ಲಿ ಲಸಿಕೆ ಇತ್ತು. ಆದರೆ ಪಟ್ಟಿಯ ಪ್ರಕಾರ ಹಂಚಿ ಮುಗಿದ ಮೇಲೆ ಉಳಿದದ್ದನ್ನು ಶುಕ್ರವಾರ ಬೇರೆ ಜಿಲ್ಲೆಗೆ ಕಳಿಸಬೇಕೆಂದು ಆದೇಶ ಬಂದಿತ್ತು. ಆಕಾಶ ನೋಡಿದರೆ ಮೋಡ ಆಗಲೇ ಇಳಿಯುತ್ತಿದೆ. ಕೈಯಲ್ಲಿರುವುದು ಮೂರು ದಿನ.

ಮಂಗಳವಾರ ಬೆಳಗ್ಗೆ ಸಾಹೇಬರು ಬರುವುದಕ್ಕೆ ಮುಂಚೆಯೇ ಅವರ ಬಾಗಿಲಲ್ಲಿ ನಿಂತಿದ್ದೆ. ಎಲ್ಲ ಹೇಳಿದೆ. ತಪ್ಪು ನನ್ನದು ಎಂದೂ ಹೇಳಿದೆ. ಅವರು ಕೇಳಿಸಿಕೊಂಡು ಕೆಂಪು ಪೆನ್ನು ತೆಗೆದು, ಅದಕ್ಕೇನಂತೆ, ಆ ಇಪ್ಪತ್ತಮೂರಕ್ಕೂ ಸೊನ್ನೆ ಹಾಕಿ, ಲೆಕ್ಕ ಕೂಡುತ್ತದೆ ಎಂದರು.

"ಸೊನ್ನೆ ಅಂದರೆ ಕುರಿ ಇಲ್ಲ ಅಂತ ಸರ್. ನಮಗೆ ಗೊತ್ತಿಲ್ಲ ಅನ್ನೋದು ಬೇರೆ. ನಾನು ಹಾಕಲ್ಲ" ಎಂದೆ.

ಅಷ್ಟು ವರ್ಷದಲ್ಲಿ ಅವರಿಗೆ ಹಾಕಲ್ಲ ಎಂದದ್ದು ಅದೇ ಮೊದಲು. ಅವರ ಹುಬ್ಬು ವಿಭೂತಿ ಮುಟ್ಟಿತು. ಹಾಗಾದರೆ ಉಳಿದ ಮನೆಗಳ ಸರಾಸರಿ ತೆಗೆದು ಇವರಿಗೂ ಅಷ್ಟೇ ಹಾಕಿ ಎಂದರು. ಉಳಿದವರ ಸರಾಸರಿ ಹದಿನೈದು ಇಪ್ಪತ್ತು ಕುರಿ. ಅಷ್ಟು ಲಸಿಕೆ ಕಳಿಸಿದರೆ ತಿಮ್ಮಕ್ಕನ ಮಂದೆಯಲ್ಲಿ ಮುಂದಿನ ಸಾಲಿಗೆ ಸಾಕಾಗುತ್ತದೆ, ಹಿಂದಿನವು ಸಾಯಲಿ ಎಂದ ಹಾಗೆ ಎಂದೆ. ದನಿ ಸ್ವಲ್ಪ ಏರಿತ್ತು. ಸಾಹೇಬರು ಕೆಂಪು ಪೆನ್ನಿಗೆ ಮುಚ್ಚಳ ಹಾಕಿದರು. ಹೊಳೆಗೆ ಹಾಕಿದರೂ ಅಳೆದು ಹಾಕು ಅಂತಾರೆ, ಅಳತೆಯಿಲ್ಲದೆ ಲಸಿಕೆ ಹೊರಗೆ ಬಿಡಲು ನನಗೆ ಅಧಿಕಾರವಿಲ್ಲ ಸರೋಜಮ್ಮ, ನಾಳೆ ನಾನೇ ಬರುತ್ತೇನೆ, ನೀವೂ ಹೊರಡಿ, ಸಂಖ್ಯೆ ತಂದೇ ತರೋಣ ಎಂದರು. ಕೋಪಿಷ್ಠರೇ ಹೌದು, ಆದರೆ ಕುರಿ ಸಾಯುತ್ತದೆ ಎಂದರೆ ಸುಮ್ಮನೆ ಕೂರುವ ಮನುಷ್ಯರಲ್ಲ.

ಬುಧವಾರ ಜೀಪಿನಲ್ಲಿ ಸಾಹೇಬರು, ಹಿಂದೆ ನಾನು. ಶಿರಾದಲ್ಲಿ ಅನ್ವರ್ ಸಾಹೇಬರು ಹತ್ತಿಕೊಂಡರು. ಗೌಡಗೆರೆ ದಾಟಿ ಮಣ್ಣು ರಸ್ತೆಗೆ ಇಳಿದ ಮೇಲೆ ಎದುರಿಗೆ ಒಂದು ಮಂದೆ ರಸ್ತೆ ದಾಟುತ್ತಿತ್ತು. ಡ್ರೈವರ್ ನಿಲ್ಲಿಸಿದ. ದಾಟಿದವು, ದಾಟಿದವು, ದಾಟುತ್ತಲೇ ಇದ್ದವು. ಡ್ರೈವರ್ ಎಂಜಿನ್ ಆರಿಸಿ ಎಲೆ ಅಡಿಕೆ ತೆಗೆದ. ಧೂಳು ಎದ್ದು ಸಾಹೇಬರ ವಿಭೂತಿಯೂ ಧೂಳೂ ಒಂದಾದವು. ಇದು ಯಾರ ಮಂದೆ ಎಂದು ಸಾಹೇಬರು ಕೇಳಿದರು. ತಿಮ್ಮಕ್ಕನದು ಎಂದು ಅನ್ವರ್ ಸಾಹೇಬರು ಹೇಳಿದರು.

"ಸೊನ್ನೆ ಕುರಿ ದಾಟ್ತಾ ಇವೆ ಸರ್, ಇನ್ನೊಂದು ಸ್ವಲ್ಪ ಹೊತ್ತಾಗುತ್ತೆ" ಎಂದು ನಾನು ಹಿಂದಿನಿಂದ ಹೇಳಿದೆ.

ಬಾಯಿಂದ ಬಂದುಬಿಟ್ಟಿತು. ಬೈಗುಳಕ್ಕೆ ಕಾದೆ. ಸಾಹೇಬರ ಭುಜ ಅಲ್ಲಾಡುತ್ತಿತ್ತು. ಅವರು ನಗುತ್ತಿದ್ದರು. ಅಷ್ಟು ವರ್ಷ ಒಂದೇ ಕಚೇರಿಯಲ್ಲಿದ್ದು ಅವರ ನಗು ನಾನು ನೋಡಿದ್ದು ಅವತ್ತೇ.

ಮಂದೆಯ ಹಿಂದೆ ತಿಮ್ಮಕ್ಕ ಇದ್ದರು. ನನ್ನನ್ನು ನೋಡಿದ ಕೂಡಲೇ ಗುರುತಿಸಿದರು. ನಾನು ಜೀಪಿನಿಂದ ಇಳಿದು, ಸೋಮವಾರ ನಾನು ಆಡಿದ್ದು ತಪ್ಪಾಯಿತು ಎಂದೆ. ಆಕೆ, ಬಿಸಿಲಲ್ಲಿ ಬಂದಿದ್ದೀರಿ ಬನ್ನಿ ಎಂದು ಹುಣಸೆ ಮರದ ಕೆಳಗೆ ಕಂಬಳಿ ಹಾಸಿ ಮಜ್ಜಿಗೆ ಕೊಟ್ಟರು. ಸಾಹೇಬರು ಮಜ್ಜಿಗೆ ಕುಡಿದು ಸಂಖ್ಯೆ ಕೇಳಿದರು. ತಿಮ್ಮಕ್ಕ ನಕ್ಕು ಬೇರೆ ಕಡೆ ನೋಡಿದರು. ಇದು ಸರ್ಕಾರದ ಕೆಲಸ ಎಂದರು ಸಾಹೇಬರು. ಆಕೆ ಇನ್ನೊಂದು ಲೋಟ ಮಜ್ಜಿಗೆ ಕೊಟ್ಟರು. ನಾವೇ ಎಣಿಸಿಕೊಳ್ಳುತ್ತೇವೆ ಎಂದು ಸಾಹೇಬರು ಎದ್ದು ನಿಂತು ಬೆರಳು ಚಾಚಿದರೋ ಇಲ್ಲವೋ, ತಿಮ್ಮಕ್ಕ ಅವರಿಗೂ ಮಂದೆಗೂ ನಡುವೆ ಬಂದು ನಿಂತರು.

"ಬ್ಯಾಡಿ ಸ್ವಾಮಿ. ಹೋದ್ ವರ್ಸ ಒಬ್ರು ಬಂದು ಇಂಗೇ ಬೆರಳು ತೋರ್ಸಿ ಎಣ್ಸುದ್ರು, ಅದುಕ್ಕೇ ಮರಿಗುಳ್ ಹೋದ್ವು. ಸೂಜಿ ಹಾಕ್ದಿದ್ರೂ ಬುಡಿ, ಎಣುಸ್ಬ್ಯಾಡಿ" ಎಂದರು. ಕಣ್ಣಲ್ಲಿ ನೀರು ತುಂಬಿತ್ತು.

ಮರಿಗಳು ಸತ್ತದ್ದು ಬೆರಳಿನಿಂದಲ್ಲ, ಬೇನೆಯಿಂದ. ಅದನ್ನು ನಾವು ಮೂವರೂ ಬಲ್ಲೆವು. ಆದರೆ ಸತ್ತ ಮರಿಗಳನ್ನು ಎತ್ತಿ ಹೂತವರ ಎದುರು ಅದನ್ನು ಹೇಳುವುದು ಹೇಗೆ? ಸಾಹೇಬರು ಕೈ ಇಳಿಸಿದರು. ಅನ್ವರ್ ಸಾಹೇಬರು ನೆಲ ನೋಡುತ್ತಿದ್ದರು. ದೂರದಲ್ಲಿ ಗುಡುಗು ಕೇಳಿಸಿತು. ಈ ಹೆಂಗಸಿನ ಮಂದೆ ನನ್ನ ಒಂದು ಕ್ವೆರಿಯಿಂದ ಹೋಗುತ್ತದಲ್ಲಾ ಎಂದು ಅಳುವೇ ಬಂತು.

ಆಗ ನನ್ನ ಟೈಪಿಸ್ಟ್ ಕಾಲ ನೆನಪಾಯಿತು. ಟ್ಯಾಬ್ ಬರುವುದಕ್ಕೆ ಎಷ್ಟೋ ಮುಂಚೆ, ಹಳ್ಳಿಯ ಕಾಂಪೌಂಡರುಗಳು ಸಾದಾ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದು ಕಳಿಸುತ್ತಿದ್ದ ಬೇಡಿಕೆಯನ್ನು ನಾನೇ ಟೈಪು ಮಾಡುತ್ತಿದ್ದೆ. ಇಂಥ ಹಟ್ಟಿಗೆ ಇಷ್ಟು ಬಾಟಲಿ, ಇಂಥವರಿಗೆ ಇಷ್ಟು ಬಾಟಲಿ. ಅದರಲ್ಲಿ ಕುರಿಯ ಸಂಖ್ಯೆಯೇ ಇರುತ್ತಿರಲಿಲ್ಲ. ಎಂಥ ದಡ್ಡರು, ಕುರಿ ಎಷ್ಟೆಂದು ಬರೆಯಬಾರದೇ ಎಂದು ಆಗ ಮೂಗು ಮುರಿದಿದ್ದೆ. ಅವರು ದಡ್ಡರಾಗಿರಲಿಲ್ಲ ಎನ್ನುವುದು ಆ ಹುಣಸೆ ಮರದ ಕೆಳಗೆ ಗೊತ್ತಾಯಿತು.

ನಾನು ಮುಂದೆ ಹೋಗಿ ತಿಮ್ಮಕ್ಕನ ಕೈ ಹಿಡಿದುಕೊಂಡೆ. "ಕುರಿ ಎಷ್ಟು ಅಂತ ಹೇಳಬೇಡಿ ತಿಮ್ಮಕ್ಕ. ಔಷಧಿ ಎಷ್ಟು ಬಾಟಲಿ ತರಿಸಲಿ, ಅಷ್ಟು ಹೇಳಿ."

ಅನ್ವರ್ ಸಾಹೇಬರು ತಕ್ಷಣ ಚೀಲದಿಂದ ಒಂದು ಬಾಟಲಿ ತೆಗೆದು, ಇದು ಇಷ್ಟು ಕುರಿಗೆ ಆಗುತ್ತದೆ ಎಂದು ಹೇಳಿ ಅವರ ಕೈಗೆ ಕೊಟ್ಟರು. ತಿಮ್ಮಕ್ಕ ಬಾಟಲಿಯನ್ನು ತಿರುಗಿಸಿ ನೋಡಿದರು. ಮಂದೆಯ ಈ ತುದಿಯಿಂದ ಆ ತುದಿಗೆ ಕಣ್ಣು ಹಾಯಿಸಿದರು. ತುಟಿ ಅಲ್ಲಾಡಿತು. ಮುಖ ಅರಳಿತು.

"ಒಂಬತ್ತು ತರ್ಸವ್ವ. ಒಸಿ ಮಿಕ್ರೂ ಮಿಗ್ಲಿ" ಎಂದರು.

ಸಾಹೇಬರು ಲೆಕ್ಕದಲ್ಲಿ ಚುರುಕು. ಒಂಬತ್ತನ್ನು ಗುಣಿಸಿ, ಹಾಗಾದರೆ ಕುರಿ ಎಂದು ಬಾಯಿ ತೆರೆದರು. ನಾನು ಅವರ ಬೂಟಿನ ಮೇಲೆ ಕಾಲಿಟ್ಟೆ. ಅನ್ವರ್ ಸಾಹೇಬರಿಗೆ ಅದೇ ಹೊತ್ತಿಗೆ ಜೋರಾಗಿ ಕೆಮ್ಮು ಬಂತು. ಸಾಹೇಬರು ನನ್ನ ಕಡೆ ನೋಡಿದರು, ತಿಮ್ಮಕ್ಕನ ಕಡೆ ನೋಡಿದರು, ಬಾಯಿ ಮುಚ್ಚಿಕೊಂಡು ಕೆಂಪು ಪೆನ್ನಿನಲ್ಲಿ ಒಂಬತ್ತು ಬಾಟಲಿ ಎಂದು ಬರೆದು ಸಹಿ ಹಾಕಿದರು. ಮೇಲಧಿಕಾರಿಯ ಕಾಲು ತುಳಿದದ್ದಕ್ಕೆ ನನಗೆ ಯಾವ ನೋಟೀಸೂ ಬರಲಿಲ್ಲ.

ಅಲ್ಲಿಂದ ಜೀಪಿನಲ್ಲೇ ಕೂತು ಉಳಿದ ಇಪ್ಪತ್ತೆರಡು ಮನೆಗಳಿಗೂ ಕೇಳಿದೆವು. ಫೋನಿದ್ದವರಿಗೆ ನಾನು, ಇಲ್ಲದವರಿಗೆ ಆಯಾ ಊರಿನ ಪರಿವೀಕ್ಷಕರ ಮೂಲಕ. ಒಬ್ಬರೂ ಹಿಂದೆಮುಂದೆ ನೋಡಲಿಲ್ಲ. ಏಳು ಎಂದರು, ನಾಲ್ಕು ಎಂದರು, ಪಾವಗಡದ ಒಬ್ಬರು ಪದಿ ಎಂದು ತೆಲುಗಿನಲ್ಲೇ ಹತ್ತು ಕೇಳಿದರು. ಎಷ್ಟೋ ತಿಂಗಳು ಟ್ಯಾಬ್ ಕೇಳಿ ಕೇಳಿ ಸಿಗದೇ ಇದ್ದದ್ದು ಒಂದು ಮಧ್ಯಾಹ್ನದಲ್ಲಿ ಸಿಕ್ಕಿತು. ಗುರುವಾರ ಐಸ್ ಪೆಟ್ಟಿಗೆ ಕಟ್ಟಿಕೊಂಡು ನಾಲ್ಕು ತಂಡ ಹೊರಟವು. ಶುಕ್ರವಾರ ಬೇರೆ ಜಿಲ್ಲೆಗೆ ಕಳಿಸಲು ಉಳಿದದ್ದು ಬಹಳ ಕಡಿಮೆ.

ಭಾನುವಾರ ಮಧ್ಯಾಹ್ನ ಮಳೆ ಬಂತು. ಬೆಟ್ಟ ಕಾಣದ ಹಾಗೆ ಸುರಿಯಿತು. ನಾನು ಜಗಲಿಯಲ್ಲಿ ನಿಂತು ಆಕಾಶ ನೋಡುತ್ತಿದ್ದೆ. ಲಸಿಕೆ ಮೈಗೆ ಹತ್ತಲು ಇನ್ನೂ ದಿನ ಬೇಕು, ಹುಲ್ಲು ಮೊಳೆಯಲು ಎಷ್ಟು ದಿನ ಬೇಕು, ಯಾವುದು ಮೊದಲು ಎಂದು ಬೆರಳು ಮಡಿಸಿ ಮಡಿಸಿ ನೋಡಿದೆ. ಅವರ ಹಟ್ಟಿಯಲ್ಲಿ ಏನಾಗುತ್ತಿದೆಯೋ ಎಂದು ಯಜಮಾನರ ತಲೆ ತಿಂದೆ. ಎರಡು ವಾರ ಕಳೆದ ಮೇಲೆ ಅನ್ವರ್ ಸಾಹೇಬರು ಫೋನ್ ಮಾಡಿ, ಅಕ್ಕಾ, ಒಂದೂ ಕಮ್ಮಿ ಆಗಿಲ್ಲವಂತೆ, ಆಯಮ್ಮ ನಿಮಗೆ ಹೇಳು ಅಂದಳು ಎಂದರು. ಫೋನ್ ಇಟ್ಟವಳೇ ಸಾಹೇಬರ ಕೋಣೆಗೆ ಓಡಿದೆ. ಬಾಗಿಲು ತಟ್ಟುವುದನ್ನೂ ಮರೆತೆ. ಅವರು ಪೆನ್ನು ಕೆಳಗಿಟ್ಟು ಎರಡೂ ಕೈಯಿಂದ ಮುಖ ಒರೆಸಿಕೊಂಡರು. ಅವತ್ತು ಇಡೀ ಕಚೇರಿಗೆ ಅವರದೇ ಖರ್ಚಿನಲ್ಲಿ ಮೈಸೂರು ಪಾಕು ಬಂತು.

ಆಮೇಲೆ ನಮೂನೆ ಬದಲಾಯಿತು. ಸಂಖ್ಯೆ ಹೇಳದವರಿಗೆ ಬಾಟಲಿ ಎಂಬ ಬೇರೆ ಪೆಟ್ಟಿಗೆ ಬಂತು. ಸಾಹೇಬರು ಸೊನ್ನೆಯ ಆಜ್ಞೆಯನ್ನು ತಾವೇ ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದರು. ನಾನು ಪ್ರತಿ ಸಲವೂ ಮೂರು ಪಟ್ಟಿ ತೆಗೆಯತೊಡಗಿದೆ, ಇದ್ದವರು, ಸೊನ್ನೆಯವರು, ಪೆಟ್ಟಿಗೆಯೇ ಇಲ್ಲದವರು. ಮೂರೂ ಕೂಡಿದರೆ ಒಟ್ಟು ಮನೆ ಬರಬೇಕು. ಬರದಿದ್ದರೆ ಯಾರನ್ನೂ ಬೈಯದೆ ಮೊದಲು ನನ್ನ ಕ್ವೆರಿ ನೋಡಿಕೊಳ್ಳುತ್ತಿದ್ದೆ. ಬೈಯುವುದೇನಿದ್ದರೂ ಆಮೇಲೆ.

ನಾನು ನಿವೃತ್ತಳಾದ ದಿನ ಶಾಲು, ಹಣ್ಣಿನ ಬುಟ್ಟಿ, ಗೋಡೆ ಗಡಿಯಾರ ಎಲ್ಲ ಬಂತು. ಭಾಷಣಗಳಲ್ಲಿ ನಾನು ಬಹಳ ಶಾಂತ ಸ್ವಭಾವದವಳು ಎಂದು ಹೇಳಿದರು. ಯಜಮಾನರು ಮುಂದಿನ ಸಾಲಿನಲ್ಲಿ ಕೂತು ಮೀಸೆಯಲ್ಲೇ ನಕ್ಕರು. ಎಲ್ಲ ಮುಗಿಯುವಾಗ ನೋಡಿದರೆ ಬಾಗಿಲ ಹತ್ತಿರ ಕಂಬಳಿ ಹೊದ್ದು ತಿಮ್ಮಕ್ಕ ನಿಂತಿದ್ದರು. ಅನ್ವರ್ ಸಾಹೇಬರು ಕರೆತಂದಿದ್ದರು. ಒಳಗೆ ಬನ್ನಿ ಎಂದರೆ ಬರಲಿಲ್ಲ, ನನ್ನನ್ನೇ ಹೊರಗೆ ಕರೆದರು. ಆಚೀಚೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನನ್ನ ತಲೆಯನ್ನು ಹತ್ತಿರಕ್ಕೆ ಎಳೆದು ಕಿವಿಯಲ್ಲಿ ಒಂದು ಸಂಖ್ಯೆ ಹೇಳಿದರು.

"ನಮ್ಮಪ್ಪನ್ ಕಾಲ್ದಿಂದ್ಲೂ ಇದ್ನ ಹೊರಗ್ನೋರಿಗೆ ಹೇಳಿದ್ದಿಲ್ಲ. ನೀನು ನಮ್ಮೋಳೇ ಕಣಮ್ಮ" ಎಂದರು.

ನಾನು ಅವರನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಯಾಕೆ ಅಳುತ್ತೀಯ ಎಂದು ಅವರೂ ಅತ್ತರು. ಆಮೇಲೆ ಇಬ್ಬರೂ ನಕ್ಕೆವು. ಏನು ಹೇಳಿದರು ಎಂದು ಯಜಮಾನರು ಅವತ್ತಿನಿಂದ ಕೇಳುತ್ತಲೇ ಇದ್ದಾರೆ, ಹೇಳಿಲ್ಲ.

ಮಕ್ಕಳೇ, ಇವತ್ತೂ ಆ ಫೈಲು ತೆರೆದರೆ ತಿಮ್ಮಕ್ಕನ ಮನೆಯಲ್ಲಿ ಕುರಿ ಸಂಖ್ಯೆ ಎಂಬ ಪೆಟ್ಟಿಗೆ ಇರುವುದಿಲ್ಲ. ಅದು ಯಾರ ತಪ್ಪೂ ಅಲ್ಲ. ಅದನ್ನು ನೀವು ತುಂಬಲು ಹೋಗಬೇಡಿ, ಎಷ್ಟು ಬಾಟಲಿ ಎಂದು ಕೇಳಿ.